ಚಟ ಬಿಡಿಸುವ ಮಾತ್ರೆ: ಮನೆಯವರ ಕಣ್ಗಾವಲು ಬೇಕು

ಹೆರಾಯಿನ್, ಬ್ರೌನ್ ಶುಗರ್‌ಗಳ ಚಟಕ್ಕೆ ಸಿಲುಕಿದವರಿಗೆ ವೈದ್ಯರು ಬ್ಯುಪ್ರೆನಾರ್ಫಿನ್ ಮಾತ್ರೆ ಕೊಡುವುದುಂಟು. ನಾಲಿಗೆಯಡಿ ಇಟ್ಟು ಕರಗಿಸುವ ಈ ಮಾತ್ರೆ ಮೈಕೈ ನೋವು, ಚಡಪಡಿಕೆ, ನಶೆಯ ಹಂಬಲವನ್ನು ತಗ್ಗಿಸುತ್ತದೆ. ರೋಗಿ ದುಡಿಮೆಗೆ, ಸಂಸಾರಕ್ಕೆ ಮರಳುತ್ತಾನೆ. 'ಒಂದು ನಶೆ ಬಿಡಿಸಿ ಇನ್ನೊಂದನ್ನು ಹಿಡಿಸುತ್ತಾರೆ' ಎಂದು ಇದನ್ನು ಹಳಿಯುವುದು ಸರಿಯಲ್ಲ. ಆದರೆ ಇದೂ ಅಫೀಮು ವರ್ಗದ್ದೇ ಔಷಧ ಎಂಬುದನ್ನು ಮರೆಯಬಾರದು.

ಪಂಜಾಬಿನಲ್ಲಿ 2017ರಿಂದ ಸರಕಾರಿ ಕ್ಲಿನಿಕ್‌ಗಳು ಈ ಮಾತ್ರೆ ನೀಡುತ್ತಿವೆ. ಅದು ಕಳ್ಳದಾರಿಯಲ್ಲಿ ಮಾರಾಟವಾಗುವ ದೂರೂ ಅಲ್ಲಿದೆ. ಕೆಲವರು ಮಾತ್ರೆಯನ್ನು ಪುಡಿ ಮಾಡಿ ಚುಚ್ಚಿಕೊಳ್ಳುತ್ತಾರೆ. ಇದನ್ನು ತಡೆಯಲೆಂದೇ ಮಾತ್ರೆಯಲ್ಲಿ ನಾಲೋಕ್ಸೋನ್ ಬೆರೆಸಿರುತ್ತಾರೆ. ಆದರೂ ಚುಚ್ಚಿಕೊಂಡರೆ ರಕ್ತನಾಳ ಕಟ್ಟಿಕೊಳ್ಳಬಹುದು, ಕೀವಾಗಬಹುದು. ಒಂದೇ ಸೂಜಿಯನ್ನು ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ ಹರಡುತ್ತವೆ. ನಿದ್ರೆ ಮಾತ್ರೆ ಅಥವಾ ಮದ್ಯದ ಜೊತೆ ಸೇವಿಸಿದರೆ ಉಸಿರೇ ನಿಲ್ಲಬಹುದು. ಮಗುವೊಂದು ಆಟವಾಡುತ್ತಾ ಒಂದೇ ಮಾತ್ರೆ ಬಾಯಿಗೆ ಹಾಕಿಕೊಂಡರೂ ಪ್ರಾಣಾಪಾಯ.

ನಮ್ಮ ಮನೆಗಳಲ್ಲಿ ಇನ್ನೊಂದು ತಪ್ಪು ನಡೆಯಬಹುದು. ರಮಝಾನ್ ಬಂತೆಂದು ರೋಗಿ ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸುತ್ತಾನೆ. ಮನೆಯವರೂ 'ಒಳ್ಳೆಯದಾಯಿತು' ಎನ್ನುತ್ತಾರೆ. ಕೆಲವೇ ದಿನಗಳಲ್ಲಿ ಸಂಕಟ ತಡೆಯಲಾಗದೆ ಆತ ಮತ್ತೆ ಹೆರಾಯಿನ್‌ಗೆ ಕೈಹಾಕುತ್ತಾನೆ. ಅಷ್ಟರಲ್ಲಿ ದೇಹದ ತಾಳಿಕೆ ಕುಗ್ಗಿರುತ್ತದೆ. ಹಿಂದೆ ತೆಗೆದುಕೊಳ್ಳುತ್ತಿದ್ದ ಪ್ರಮಾಣವೇ ಈಗ ಕೊಲ್ಲಬಲ್ಲದು. ಸಾಮಾನ್ಯವಾಗಿ ದಿನಕ್ಕೊಮ್ಮೆ ಸಾಕಾಗುವ ಈ ಮಾತ್ರೆಯನ್ನು ಇಫ್ತಾರ್ ನಂತರಕ್ಕೋ ಸಹರಿಗೋ ಹೊಂದಿಸಬಹುದು. ರಮಝಾನ್‌ಗೆ ಮೊದಲೇ ವೈದ್ಯರನ್ನು ಕೇಳಿ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇದೆ ಎಂಬುದೂ ನೆನಪಿರಲಿ.

ಮಾತ್ರೆಯನ್ನು ಬೀಗ ಹಾಕಿದ ಕಪಾಟಿನಲ್ಲಿ ಇಡಿ. ತಾಯಿಯೋ ಅಣ್ಣನೋ ಹೆಂಡತಿಯೋ ದಿನದ ಲೆಕ್ಕದಂತೆ ಕೈಗೆ ಕೊಟ್ಟು, ಕರಗುವವರೆಗೆ ಜೊತೆಗಿರಲಿ. ಪ್ರಮಾಣ ಹೆಚ್ಚಿಸುವುದು, ಇಳಿಸುವುದು, ನಿಲ್ಲಿಸುವುದು ವೈದ್ಯರ ಕೆಲಸ. ತುಟಿ ನೀಲಿಯಾಗಿ, ಉಸಿರು ನಿಧಾನವಾಗಿ, ಕರೆದರೂ ಎಚ್ಚರವಾಗದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಮಾನ ಹೋದೀತೆಂದು ಮಗನ ಚಟವನ್ನು ಮುಚ್ಚಿಟ್ಟಷ್ಟೂ ಆತ ಕದ್ದು ಮಾರುವವರ ಕೈಗೇ ಸಿಗುತ್ತಾನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ. 14446 ಕೇಂದ್ರ ಸರಕಾರದ ಉಚಿತ ಸಹಾಯವಾಣಿ. ಜಮಾಅತ್‌ನ ಹಿರಿಯರು ಬಹಿಷ್ಕಾರದ ಮಾತು ಬಿಟ್ಟು ಈ ಸಂಖ್ಯೆಯನ್ನು ಮಸೀದಿಯ ಫಲಕದಲ್ಲಿ ಬರೆಸಲಿ. ಒಂದು ಜೀವ ಉಳಿಯಲು ಅಷ್ಟೇ ಸಾಕಾಗಬಹುದು.