ಅವ್ವನ ಗಾಡಿಗಿ ಅವ್ವನ ಸ್ಪೀಡೇ ಇರ್ಲಿ

ಹೋದ ದೀಪಾವಳಿಗಿ ನಮ್ಮ ಮಗ ನನಗಂತ ಒಂದು ಚಾರ್ಜಿಂಗ್ ಗಾಡಿ ತಂದು ಕೊಟ್ಟ. ಲೈಸೆನ್ಸ್ ಬ್ಯಾಡ, ನಂಬರ್ ಬ್ಯಾಡ, ಸುಮ್ಮ ಹತ್ತಿ ಕೂತ್ರ ಆಯ್ತು ಅಂದ. ಈ ವಯಸ್ಸಿನ್ಯಾಗ ಗಾಡಿ ಕಲೀಲತ್ತಾಳ ಅಂತ ಓಣಿಯವ್ರು ನಕ್ಕರು, ನಗ್ಲಿ. ಗಿರಣಿಗಿ ಜ್ವಾಳ ಒಯ್ಯೋದು, ಸಂಘದ ಮೀಟಿಂಗಿಗಿ ಹೋಗೋದು, ಸಂತಿ ಚೀಲ ತರೋದು, ಯಾವುದಕ್ಕೂ ಯಾರ ದಾರಿ ಕಾಯೂ ಹಂಗಿದ್ದಿಲ್ಲ. ಅದರ ಸುಖ ನಿಮಗ ಹೇಳಬೇಕೇನು!

ಸಂಕ್ರಾಂತಿ ಮುಂದ ಒಂದಿನ ಗಿರಣಿ ಎದುರಿಗಿ ಗಾಡಿ ಚಾಲೂ ಮಾಡಿ ಎಕ್ಸಲೇಟರ್ ಜರಾ ತಿರುವಿದೆ ನೋಡ್ರಿ, ಹೋರಿ ಹಗ್ಗ ಹರಕೊಂಡಂಗ ಜಿಗೀತು. ಮುಂದ ಒಂದು ಸಣ್ಣ ಹುಡುಗಿ ಹಿಟ್ಟಿನ ಡಬ್ಬಿ ಹಿಡಕೊಂಡು ನಿಂತಿತ್ತು. ಗಾಡಿ ಗ್ವಾಡಿ ಕಡಿ ಹೊರಳಿಸಿ ಬಿದ್ದೆ. ನನ್ನ ಮೊಣಕಾಲು ಕೆತ್ತಿತು, ಹಿಟ್ಟು ಚೆಲ್ಲಿತು, ಹುಡುಗಿಗಿ ಏನೂ ಆಗ್ಲಿಲ್ಲ.

ಮನಿಗಿ ಬಂದು ಕೇಳಿದ್ರ ಮಗ ಹೇಳ್ತಾನ, "ಅವ್ವಾ, ಗಾಣಗಾಪುರಕ್ಕ ಡ್ಯೂಟಿಗಿ ಒಯ್ಯಲಾಕ ಅದು ಭಾಳ ನಿಧಾನ ಆಯ್ತು. ನಿನ್ನೆ ಮಿಸ್ತ್ರಿ ಕಡಿಂದ 1000 ವ್ಯಾಟಿನ ಮೋಟರ್ ಹಾಕಿಸೀನಿ, ಕಂಟ್ರೋಲರ್ರೂ ಬದಲಿ ಆಗ್ಯದ. ಈಗ 50 ಹೊಡೀತದ." ನನಗ ಒಂದು ಮಾತು ಹೇಳಬಾರದಾ?

ಲೈಸೆನ್ಸ್ ಬ್ಯಾಡ ಅಂತ ಸರಕಾರ ಸುಮ್ಮ ಬಿಟ್ಟಿಲ್ಲ ತಂಗೀ. ಮೋಟರಿನ ಶಕ್ತಿ 250 ವ್ಯಾಟಿಗಿಂತ ಕಡಿಮಿ ಇರಬೇಕು, ಓಟ ತಾಸಿಗಿ 25 ಕಿಲೋಮೀಟರಿಗಿಂತ ಕಡಿಮಿ ಇರಬೇಕು, ಅದನ್ನ ಸರಕಾರ ಒಪ್ಪಿದ ಪರೀಕ್ಷಾ ಸಂಸ್ಥೆ ನೋಡಿ ಬರದುಕೊಟ್ಟಿರಬೇಕು. ಪುಣೆದಾಗಿನ ಎ.ಆರ್.ಎ.ಐ. ಅಂಥದ್ದೊಂದು. ನಮ್ಮ ಅಡಗಿಮನಿ ಮಿಕ್ಸಿನೇ 500 ವ್ಯಾಟ್ ಇರ್ತದ, ಅಂದ್ಮ್ಯಾಲ ಆ ಗಾಡಿ ಎಷ್ಟು ಮೆತ್ತಗಿಂದು ಅಂತ ಲೆಕ್ಕ ಹಾಕ್ರಿ. ಅಷ್ಟು ಮೆತ್ತಗ ಇದ್ದಿದ್ದಕ್ಕೇ ಅದು ಕಾನೂನಿನ ಕಣ್ಣಾಗ ಮೋಟಾರು ವಾಹನ ಅಲ್ಲ. ಮೋಟರ್ ಬದಲಿ ಆದ ದಿನಾನೇ ಅದು ಮೋಟಾರು ವಾಹನ ಆಯ್ತು. ಲೈಸೆನ್ಸ್ ಇಲ್ಲದ ನಾನು ಅದರ ಮ್ಯಾಲ ಕೂಡೋದೇ ತಪ್ಪಾಯ್ತು. ನನಗ ಕೊಟ್ಟ ಗಾಡಿ ನನ್ನ ಕೈಯಿಂದ ಹೋಯ್ತು, ಅದೂ ನನಗ ಗೊತ್ತಿಲ್ಲದಂಗ.

ಹಂಗಾದ್ರ ನಂಬರ್ ಮಾಡಿಸ್ತೀನಿ ಬಿಡು ಅಂದ. ಆರ್.ಟಿ.ಓ.ದವ್ರು ನೋಂದಣಿ ಮಾಡೋದು ಕಂಪನಿ ಪಾಸು ಮಾಡಿಸಿ ಕಾಗದಾ ಕೊಟ್ಟ ಗಾಡಿಗಿ. ಮಿಸ್ತ್ರಿ ಕೂಡಿಸಿದ ಮೋಟರಿಗಿ ಯಾರು ಕಾಗದಾ ಕೊಡ್ತಾರ? ಹಿಂಗ ತಿದ್ದಿದ ಮಾಲಕಗ ಆರು ತಿಂಗಳತನಾ ಜೈಲು, ಇಲ್ಲಾ ಒಂದೊಂದು ತಿದ್ದುಪಡಿಗಿ 5000 ರೂಪಾಯಿ ದಂಡ, ಎರಡೂ ಬೇಕಾದ್ರ ಹಾಕಬಹುದು ಅಂತ 2019ರ ತಿದ್ದುಪಡಿ ಕಾಯ್ದೆದಾಗ ಅದ. ಇಂಥ ಗಾಡಿ ಸಣ್ಣ ಹುಡುಗ್ರ ಕೈಯಾಗ ಕೊಟ್ಟು ಖುಷಿಪಡೂ ಅಕ್ಕಗೋಳೂ ಕೇಳ್ರಿ: 18 ತುಂಬದ ಹುಡುಗ ಮೋಟಾರು ವಾಹನದ ಗುನ್ನೇದಾಗ ಸಿಕ್ಕರ ತಾಯಿ-ತಂದಿಗಿ 25,000 ದಂಡ, ಮೂರು ವರ್ಷದತನಾ ಸಜಾ.

ಮಿಸ್ತ್ರಿ ಅಂತೂ ಇನ್ನೂ ಶಾಣ್ಯಾ. "ಒಂದು ಸ್ವಿಚ್ ಕೂಡಿಸ್ತೀನ್ರೀ ಅಕ್ಕಾರ, ಒತ್ತಿದ್ರ 25ಕ್ಕ ಇಳೀತದ, ಪೊಲೀಸ್ರು ಕಂಡ್ರ ಒತ್ತ್ರಿ" ಅಂದ. ಸ್ಪೀಡ್ ಇಳಿಸಿದ್ರ ಮೋಟರ್ ಸಣ್ಣದಾಗ್ತದೇನು? ಎರಡೂ ಕಡಿಮಿ ಇದ್ರೇ ಬರೋಬ್ಬರಿ.

ಚೌಡಾಪುರದಾಗ ಯಾರು ಹಿಡೀತಾರ ಅಂತ ನಮ್ಮ ಮನಿಯವ್ರೂ ಅಂದ್ರು. ನನಗ ಪೊಲೀಸ್ರ ಅಂಜಿಕಿ ಅಲ್ಲ, ಆ ಹುಡುಗಿ ಕಣ್ಣು ಮುಂದ ಬರ್ತದ. ಅದಕ್ಕ ಬಡದಿದ್ರ ಆಸ್ಪತ್ರಿ ಖರ್ಚು ಯಾರ ಕೊಡ್ತಿದ್ರು? ಇನ್ಶೂರೆನ್ಸ್ ಇಲ್ಲ, ಹೊಲ ಮಾರೂದೇ ಗತಿ. ಪಿ.ಯು.ಸಿ.ದಾಗ ಓದಿದ್ದ್ರಾಗ ಇದೊಂದು ನೆನಪದ: ಸ್ಪೀಡ್ ಎರಡು ಪಟ್ಟಾದ್ರ ಬಡಿಯೂ ಶಕ್ತಿ ನಾಲ್ಕು ಪಟ್ಟು ಆಗ್ತದ. ಬ್ರೇಕ್ ಮಾತ್ರ ಅವೇ ಹಳೀವು.

ಮಗನ ಮಾತಿನ್ಯಾಗೂ ಒಂದು ಖರೇ ಅದ. ಕಬ್ಬಿನ ಸುಗ್ಗಿದಾಗ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಹುಣ್ಣಿಮಿಗಿ ಗಾಣಗಾಪುರಕ್ಕ ಹೋಗೂ ಜೀಪು, ಅವುಗಳ ನಡುವ 25ರಾಗ ಹೋಗೋದು ಜೀವಕ್ಕ ಕುತ್ತೇ. ಅದಕ್ಕೇ ಹೇಳ್ದೆ, ಇದು ಊರಾಗಿನ ಗಾಡಿ, ನಿನಗ ಬೇಕಂದ್ರ ಹಸರು ನಂಬರ್ ಪ್ಲೇಟಿಂದು, ಕಂಪನಿದೇ ದೊಡ್ಡ ಗಾಡಿ ತಗೋ. ಅಂಥವಕ್ಕ ನೋಂದಣಿ ಫೀಸನ್ನ ಕೇಂದ್ರದವ್ರು 2021ರಾಗ ಮಾಫ್ ಮಾಡ್ಯಾರ. ಲೈಸೆನ್ಸ್, ಇನ್ಶೂರೆನ್ಸ್ ಮಾತ್ರ ಬೇಕೇಬೇಕು, ಹೆಲ್ಮೆಟ್ಟೂ.

ಹಳೀ ಮೋಟರ್, ಕಂಟ್ರೋಲರ್ ಮಿಸ್ತ್ರಿ ಕಡೀನೇ ಬಿದ್ದಿದ್ವು. ಎದುರಿಗಿ ಕೂತು ಹಾಕಿಸಿದೆ. ಗಾಡಿ ಕೊಂಡ ಅಂಗಡಿಯಿಂದ ಪರೀಕ್ಷಾ ಕಾಗದದ ಝೆರಾಕ್ಸ್ ತರಿಸಿ, ರಸೀದಿ ಜೋಡಿ ಸೀಟಿನ ಕೆಳಗ ಇಟ್ಟೀನಿ. ಆಮ್ಯಾಲ ಮಗನ ಬೈಕಿನ ಜೋಡಿ ಓಡಿಸಿ ಅದರ ಮೀಟರ್ ನೋಡಿಸಿದೆ, 25 ದಾಟಲಿಲ್ಲ.

ಮಗ ಇನ್ನೂ ಮುಖಾ ಗಂಟು ಹಾಕ್ಕೊಂಡಾನ. ಆ 1000 ವ್ಯಾಟಿನ ಮೋಟರ್ ಜ್ವಾಳದ ಚೀಲದ ಹಿಂದ ಇಟ್ಟೀನಿ, ಕೇಳಿದ್ರ ಕೊಡಂಗಿಲ್ಲ.