ಗಾಡಿ ಕೊಳ್ಳುವ ಮುನ್ನ ಹಳಹಳಿಯ ಲೆಕ್ಕ



ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಎಷ್ಟೋ ಮನೆಗಳ ಜಗಲಿಯ ಮೇಲೆ ಅಡಿಕೆ ದುಡ್ಡು ಕೈಗೆ ಬಂದ ಕೂಡಲೇ ಒಂದು ಮಾತು ಏಳುತ್ತದೆ: "ನಾವೂ ಒಂದು ಪಿಕಪ್ ತಗೊಂಡರೆ ಹೇಗೆ?"

ಅಪ್ಪ ಅನ್ನುತ್ತಾನೆ, "ಹೊಸದೇ ತರೋಣ, ಕಂತು ಕಟ್ಟಿದರಾಯ್ತು." ಚಿಕ್ಕಪ್ಪ ಅನ್ನುತ್ತಾನೆ, "ಹಳೇದು ಒಂದು ಒಳ್ಳೇದು ಸಿಗುತ್ತೆ, ಸಾಲ ಯಾಕೆ?" ಅಜ್ಜಿ ಒಳಗಿನಿಂದಲೇ ಕೂಗುತ್ತಾಳೆ, "ಎರಡೂ ಬ್ಯಾಡ ಕಣ್ರಪ್ಪಾ, ಬೇಕಾದಾಗ ಬಾಡಿಗೆ ಗಾಡಿ ಕರೀರಿ!" ಮೂವರ ಮಾತಿನಲ್ಲೂ ಹುರುಳಿದೆ. ಹಾಗಾದರೆ ಯಾರ ಮಾತು ಕೇಳಬೇಕು? ಈ ವಾರ ಅದನ್ನೇ ಲೆಕ್ಕ ಹಾಕೋಣ. ಸ್ಲೇಟೋ ನೋಟ್‌ಬುಕ್ಕೋ ಹತ್ತಿರ ಇಟ್ಟುಕೊಳ್ಳಿ.

ಎತ್ತು ಕೊಂಡವರ ಜಾಣತನ

ಮೊದಲು ಅಜ್ಜಂದಿರನ್ನು ಕೇಳಿ. ಅವರ ಕಾಲದಲ್ಲಿ ಮನೆಗೆ ಬರುತ್ತಿದ್ದ ದೊಡ್ಡ ಖರ್ಚು ಎಂದರೆ ಒಂದು ಜೋಡಿ ಎತ್ತು. ನಮ್ಮ ಸೀಮೆಯ ಹುಲ್ಲುಗಾವಲುಗಳಿಗೆ ಇಂದಿಗೂ 'ಅಮೃತಮಹಲ್ ಕಾವಲು' ಎಂಬ ಹೆಸರಿದೆ. ಮೈಸೂರಿನ ಅರಸರು ಸೈನ್ಯದ ತೋಪು, ಸಾಮಾನು ಎಳೆಯಲು ಸಾಕಿದ ತಳಿ ಅದು. ಓಟಕ್ಕೂ ತಾಳಿಕೆಗೂ ಹೆಸರಾದದ್ದು.

ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಬಣ್ಣ ನೋಡಿ ಮರುಳಾಗುತ್ತಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ತಿಳಿದರೆ ವಯಸ್ಸು ಗೊತ್ತಾಗುತ್ತದೆ. ಗೊರಸು ಎತ್ತಿ ನೋಡುತ್ತಿದ್ದರು. ನಾಲ್ಕು ಹೆಜ್ಜೆ ನಡೆಸಿ, ನೊಗಕ್ಕೆ ಕಟ್ಟಿ ಎಳೆಸಿ ನೋಡುತ್ತಿದ್ದರು. ಆಮೇಲಷ್ಟೇ ಟವೆಲ್ ಕೆಳಗೆ ಬೆರಳು ಹಿಡಿಯುವ ವ್ಯಾಪಾರ.

ಹಳೆಯ ಪಿಕಪ್ ನೋಡುವುದೂ ಹೆಚ್ಚುಕಡಿಮೆ ಇದೇ. ಹಲ್ಲಿನ ಬದಲು ಆರ್‌ಸಿ ಪುಸ್ತಕ: ಎಷ್ಟನೇ ಇಸವಿಯ ಗಾಡಿ, ಎಷ್ಟನೇ ಮಾಲೀಕರು, ಬ್ಯಾಂಕಿನ ಸಾಲ ಇನ್ನೂ ಅದರ ಮೇಲಿದೆಯೋ ಎಂಬುದು ಅಲ್ಲಿರುತ್ತದೆ. ಗೊರಸಿನ ಬದಲು ಟೈರು: ನಾಲ್ಕೂ ಒಂದೇ ಸಮ ಸವೆದಿವೆಯೋ, ಒಂದು ಪಕ್ಕವೇ ತಿಂದಿದೆಯೋ? ಮಗ್ಗುಲು ತಿರುಗಿಸಿ ನೋಡುವ ಬದಲು ಅಡಿಯಲ್ಲಿ ಬಗ್ಗಿ ಚಾಸಿ ನೋಡಬೇಕು, ತುಕ್ಕು ಇದೆಯೋ, ಬೆಸುಗೆ ಹಾಕಿದ ಗುರುತಿದೆಯೋ ಎಂದು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ ಚಾಲೂ ಮಾಡಿಸಬೇಕು. ಮಾರುವವರು ನಾವು ಹೋಗುವಷ್ಟರಲ್ಲಿ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಬೇಕಾದ ಮಾತೇ.

ಇನ್ನು ಎಫ್‌ಸಿ. ಸರಕು ಗಾಡಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಈ ಅರ್ಹತಾ ಪತ್ರ ಬೇಕು. 'ಕಡಿಮೆ ಬೆಲೆಗೆ ಸಿಕ್ಕಿತು' ಎಂದು 9 ವರ್ಷದ ಗಾಡಿ ತಂದವರು ಈ ವಾರ್ಷಿಕ ಖರ್ಚನ್ನೂ ಬೆಲೆಯ ಜೊತೆ ಕೂಡಿಸಿಕೊಳ್ಳಬೇಕು.

ಕಥೆ ಇಲ್ಲದ ಗಾಡಿಗಳು

ಗಾಡಿ ನಂಬಿಕೆಗೆ ಯೋಗ್ಯವೋ ಎಂದು ತಿಳಿಯುವುದು ಹೇಗೆ? ಸಾಮಾನ್ಯವಾಗಿ ನಾವು ಪರಿಚಯದವರನ್ನು ಕೇಳುತ್ತೇವೆ. ಇಲ್ಲೊಂದು ಮೋಸವಿದೆ, ಗಮನಿಸಿ. ಈರುಳ್ಳಿ ತುಂಬಿಕೊಂಡು ಯಶವಂತಪುರದ ಮಾರುಕಟ್ಟೆಗೆ ಹೊರಟ ಗಾಡಿ ನಡುರಾತ್ರಿ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ ಆ ಕಥೆ ಹತ್ತು ಊರು ಸುತ್ತುತ್ತದೆ. ಅದೇ ರಾತ್ರಿ ಕೆಡದೆ ಹೋಗಿ ಬಂದ ಐವತ್ತು ಗಾಡಿಗಳಿಗೆ ಕಥೆಯೇ ಇಲ್ಲ. ನಮ್ಮ ಕಿವಿಗೆ ಬೀಳುವುದು ಕೆಟ್ಟ ಗಾಡಿಯೊಂದರ ಸುದ್ದಿ ಮಾತ್ರ.

ಆದ್ದರಿಂದ "ಗಾಡಿ ಹೇಗಿದೆ ಅಣ್ಣಾ?" ಎಂದು ಕೇಳಬೇಡಿ. "ಚೆನ್ನಾಗಿದೆ" ಅಥವಾ "ತಲೆನೋವು" ಎಂಬ ಉತ್ತರ ಬರುತ್ತದೆ, ಅಷ್ಟೇ. "ಹೋದ ವರ್ಷ ಗಾಡಿ ಎಷ್ಟು ದಿನ ನಿಂತಿತ್ತು? ರಿಪೇರಿಗೆ ಎಷ್ಟು ಖರ್ಚಾಯ್ತು? ಸಾಮಾನು ಎಲ್ಲಿಂದ ತರಿಸಿದಿರಿ?" ಎಂದು ಕೇಳಿ. ಒಬ್ಬರನ್ನಲ್ಲ, ಹತ್ತು ಜನರನ್ನು. ಹತ್ತು ಉತ್ತರ ಬರೆದಿಟ್ಟರೆ ಅದು ನಮ್ಮ ಊರಿನ ರಸ್ತೆಗೆ, ನಮ್ಮ ಊರಿನ ಭಾರಕ್ಕೆ ಹೊಂದುವ ಲೆಕ್ಕವಾಗುತ್ತದೆ. ಟಿವಿ ಜಾಹೀರಾತಿನಲ್ಲಿ ಅದು ಸಿಗುವುದಿಲ್ಲ.

ಎಷ್ಟು ಮೂಟೆ ಹಿಡಿಯುತ್ತದೆ?

2005ರಲ್ಲಿ ಟಾಟಾ ಏಸ್ ಬಂದಾಗ ಉತ್ತರದ ಕಡೆಯವರು ಅದನ್ನು 'ಛೋಟಾ ಹಾಥಿ', ಅಂದರೆ ಪುಟ್ಟ ಆನೆ ಎಂದು ಕರೆದರು. ಆ ಅಳತೆಯ ಗಾಡಿ ಸುಮಾರು ಮುಕ್ಕಾಲು ಟನ್ ಹೊರುತ್ತದೆ. ದೊಡ್ಡ ಪಿಕಪ್‌ಗಳಲ್ಲಿ 1.3 ಟನ್, 1.7 ಟನ್ ಹೊರುವಂಥವು ಇವೆ. ಈರುಳ್ಳಿ ಮೂಟೆ 50 ಕಿಲೋ ಎಂದು ಹಿಡಿಯೋಣ. ಮುಕ್ಕಾಲು ಟನ್‌ಗೆ 15 ಮೂಟೆ, 1.3 ಟನ್‌ಗೆ 26 ಮೂಟೆ, 1.7 ಟನ್‌ಗೆ 34 ಮೂಟೆ.

ಆದರೆ 26 ಮೂಟೆಯ ಗಾಡಿಗೆ 40 ಮೂಟೆ ಹೇರುವವರನ್ನು ನೀವೂ ನೋಡಿರುತ್ತೀರಿ. ಹೆಚ್ಚಾದದ್ದು 14 ಮೂಟೆ, ಅಂದರೆ 700 ಕಿಲೋ. ಬ್ರೇಕ್ ಒತ್ತಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಹಿಂದಿನ ಬ್ಲೇಡ್ ಸೆಟ್ಟು ಬಳುಕಿ ಮುರಿಯುತ್ತದೆ, ಟೈರು ಕಾದು ಸಿಡಿಯುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹೆಚ್ಚು ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಹೆಚ್ಚಾದ ಪ್ರತಿ ಟನ್‌ಗೆ 2,000. ಹೀಗೆ ಹೇರಿ ಹೇರಿ ಕೆಡಿಸಿ, ಆಮೇಲೆ 'ಈ ಕಂಪನಿ ಗಾಡಿನೇ ಸರಿಯಿಲ್ಲ' ಎಂದು ದೂರಿದರೆ ತಪ್ಪು ಯಾರದು? ಎತ್ತಿಗೂ ಅಳತೆ ಮೀರಿ ಹೇರಬಾರದೆಂದು ಅಜ್ಜಂದಿರಿಗೆ ಗೊತ್ತಿತ್ತು.

ಹಳಹಳಿಯ ಪಟ್ಟಿ

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಗಾಡಿಯ ಲಾಭ-ನಷ್ಟ ಮಳೆಯ ಮೇಲೆ ನಿಂತಿದೆ, ಮಳೆ ಯಾರ ಕೈಯಲ್ಲೂ ಇಲ್ಲ. ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವನ್ನೇ ನೋಡಿ, ನಮ್ಮ ಮಾರಿಕಣಿವೆ. ಅಣೆಕಟ್ಟು ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ! ಆಮೇಲೆ ಮೂರು ವರ್ಷ ಕಳೆಯುವ ಮೊದಲೇ, 2025ರ ಜನವರಿಯಲ್ಲಿ, ಮತ್ತೊಮ್ಮೆ ಬಿತ್ತು. ಮುಂದಿನ ವರ್ಷ ಹೇಗೆ ಎಂದು ಯಾರು ಹೇಳುತ್ತಾರೆ?

ಮುಂದಿನದು ಗೊತ್ತಿಲ್ಲದಾಗ ತೀರ್ಮಾನ ಮಾಡಲು ಅಮೆರಿಕದ ಗಣಿತಜ್ಞ ಲಿಯೊನಾರ್ಡ್ ಸ್ಯಾವೇಜ್ 1951ರಲ್ಲಿ ಒಂದು ದಾರಿ ತೋರಿಸಿದರು. 'ಹೆಚ್ಚು ಲಾಭ ಯಾವುದರಲ್ಲಿ?' ಎಂಬ ಪ್ರಶ್ನೆ ಬಿಟ್ಟು, 'ಆಮೇಲೆ ಛೆ ಅನ್ನುವಂತಾದರೆ, ಆ ಛೆ ಎಷ್ಟು ದೊಡ್ಡದು?' ಎಂದು ಲೆಕ್ಕ ಹಾಕುವುದು. ಅದನ್ನು ನಾವು ಹಳಹಳಿ ಎಂದು ಕರೆಯೋಣ. 'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು' ಎಂಬ ಗಾದೆ ಇದೆಯಲ್ಲ, ಒಲೆ ಉರಿಯುವ ಮೊದಲೇ ಆ ಬುದ್ಧಿಯನ್ನು ಕರೆಸಿಕೊಳ್ಳುವ ಉಪಾಯ ಇದು.

ನಮ್ಮ ಜಗಲಿಯ ಮನೆಯವರಿಗೆ ವರ್ಷದ ಕೊನೆಗೆ ಗಾಡಿಯಿಂದ ಉಳಿಯುವ ದುಡ್ಡು ಹೀಗಿರಲಿ. ಇವು ಕಲಿಯಲು ಹಾಕಿದ ಅಂಕಿಗಳು, ನಿಮ್ಮ ಮನೆಯ ಅಂಕಿ ನೀವೇ ಬರೆದುಕೊಳ್ಳಬೇಕು. ಎಲ್ಲವೂ ಸಾವಿರ ರೂಪಾಯಿಗಳಲ್ಲಿ.

ಒಳ್ಳೆಯ ವರ್ಷ: ಹೊಸ ಗಾಡಿ 180, ಹಳೆಯ ಗಾಡಿ 120, ಬಾಡಿಗೆ 60.
ಬರದ ವರ್ಷ: ಹೊಸ ಗಾಡಿಯಿಂದ 90 ನಷ್ಟ (ಕಂತು ನಿಲ್ಲುವುದಿಲ್ಲವಲ್ಲ), ಹಳೆಯದರಿಂದ 20 ನಷ್ಟ, ಬಾಡಿಗೆಯಲ್ಲಿ 10 ಉಳಿತಾಯ.

ಈಗ ಪ್ರತಿ ವರ್ಷದ ಅತಿ ಒಳ್ಳೆಯ ಅಂಕಿಯಿಂದ ಉಳಿದವನ್ನು ಕಳೆಯಿರಿ. ಒಳ್ಳೆಯ ವರ್ಷದಲ್ಲಿ ಹಳಹಳಿ: ಹೊಸದಕ್ಕೆ 0, ಹಳೆಯದಕ್ಕೆ 60, ಬಾಡಿಗೆಗೆ 120. ಬರದ ವರ್ಷದಲ್ಲಿ: ಹೊಸದಕ್ಕೆ 100, ಹಳೆಯದಕ್ಕೆ 30, ಬಾಡಿಗೆಗೆ 0. ಪ್ರತಿಯೊಂದರ ದೊಡ್ಡ ಹಳಹಳಿ ಎಷ್ಟು? ಹೊಸದು 100, ಹಳೆಯದು 60, ಬಾಡಿಗೆ 120. ಚಿಕ್ಕಪ್ಪ ಗೆದ್ದ!

ನಿಲ್ಲಿ, ಒಂದು ಮರೆತೆವು. ಬೆಳೆ ಚೆನ್ನಾಗಿ ಬಂದು, ಕೊಯ್ಲಿನ ಹೊತ್ತಿಗೇ ಗಾಡಿ ಕೈಕೊಟ್ಟರೆ? ಆ ವರ್ಷ ಹೊಸದರಲ್ಲಿ 150 ಉಳಿಯಲಿ, ವಾರಂಟಿಯಲ್ಲಿ ಸರಿಮಾಡಿಕೊಡುತ್ತಾರೆ. ಹಳೆಯದರಲ್ಲಿ 10, ಬಾಡಿಗೆಯಲ್ಲಿ ಅದೇ 60. ಒಂದು ಕೆಟ್ಟರೆ ಇನ್ನೊಂದನ್ನು ಕರೆಯಬಹುದಲ್ಲ. ಈ ವರ್ಷದ ಹಳಹಳಿ: ಹೊಸದು 0, ಹಳೆಯದು 140, ಬಾಡಿಗೆ 90. ಈಗ ದೊಡ್ಡ ಹಳಹಳಿ ಹೊಸದಕ್ಕೆ 100, ಹಳೆಯದಕ್ಕೆ 140, ಬಾಡಿಗೆಗೆ 120. ಅಪ್ಪ ಗೆದ್ದ!

ಇನ್ನೂ ಮುಗಿಯಲಿಲ್ಲ. ಊರಿನಲ್ಲೇ ಆ ಗಾಡಿಯನ್ನು ಬಲ್ಲ ಮೆಕ್ಯಾನಿಕ್ ಇದ್ದು, ಸಾಮಾನು ಚಿತ್ರದುರ್ಗದಲ್ಲಿ ಅಂದೇ ಸಿಕ್ಕಿ, ಮೂರನೇ ದಿನ ಗಾಡಿ ಹೊರಡುವಂತಿದ್ದರೆ ಆ ವರ್ಷ ಹಳೆಯದರಲ್ಲೂ 80 ಉಳಿಯುತ್ತದೆ. ಹಳಹಳಿ 140ರಿಂದ 70ಕ್ಕೆ ಇಳಿಯುತ್ತದೆ. ಚಿಕ್ಕಪ್ಪ ಮತ್ತೆ ಗೆದ್ದ.

ಗಮನಿಸಿದಿರಾ? ಗಾಡಿ ಅದೇ, ಮಳೆ ಅದೇ. ತೀರ್ಮಾನ ಬದಲಾದದ್ದು ರಿಪೇರಿ ಎಷ್ಟು ಹತ್ತಿರ ಎಂಬುದರಿಂದ. ಕೆಡದ ಗಾಡಿ ಯಾವುದೂ ಇಲ್ಲ. ಕೆಟ್ಟರೆ ಎಷ್ಟು ದಿನದಲ್ಲಿ ಎದ್ದು ನಿಲ್ಲುತ್ತದೆ ಎಂಬುದೇ ನಂಬಿಕೆಯ ಅರ್ಧ ಪಾಲು. ಹೊಸದುರ್ಗದ ಹಳ್ಳಿಯವರಿಗೆ ಸರಿಯಾದ ಗಾಡಿ ಬೆಂಗಳೂರಿನವರಿಗೆ ಸರಿಯಾಗಬೇಕೆಂದಿಲ್ಲ.

ಹಾಗಾದರೆ ಅಜ್ಜಿ ಸೋತಳೇ? ವರ್ಷಕ್ಕೆ ಹತ್ತಿಪ್ಪತ್ತು ಸಲ ಮಾತ್ರ ಗಾಡಿ ಬೇಕಾದ ಮನೆಯಲ್ಲಿ ಅಂಕಿಗಳೇ ಬೇರೆಯಾಗುತ್ತವೆ, ಅಲ್ಲಿ ಅಜ್ಜಿಯೇ ಗೆಲ್ಲಬಹುದು. ಉಳಿದ ದಿನ ಬಾಗಿಲಲ್ಲಿ ನಿಂತ ಗಾಡಿಗೂ ಕಂತು, ವಿಮೆ ಎರಡೂ ಓಡುತ್ತಲೇ ಇರುತ್ತವೆ.

ಪಟ್ಟಿಗೆ ಸೇರದ ಹಳಹಳಿ

ಒಂದು ಹಳಹಳಿಯನ್ನು ಮಾತ್ರ ಯಾವ ಅಂಕಿಯಿಂದಲೂ ಬರೆಯಲಾಗದು. ಪಿಕಪ್ ಮನೆಗೆ ಬಂದ ಮೇಲೆ ಜಾತ್ರೆಗೆ, ಮದುವೆಗೆ, ಕೂಲಿಗೆ ಜನ ಹಿಂದೆ ಹತ್ತುತ್ತಾರೆ. ಮಕ್ಕಳಿಗಂತೂ ಗಾಳಿಗೆ ಮುಖ ಒಡ್ಡಿ ನಿಲ್ಲುವುದೆಂದರೆ ಖುಷಿ. ಆದರೆ ಆ ಜಾಗದಲ್ಲಿ ಸೀಟಿಲ್ಲ, ಬೆಲ್ಟಿಲ್ಲ, ಹಿಡಿಯಲು ಸರಿಯಾದ ಕಂಬಿಯಿಲ್ಲ. ತಿರುವಿನಲ್ಲಿ ಮೂಟೆ ಜಾರಿದರೆ ಮೂಟೆ ಹೋಗುತ್ತದೆ, ಮನುಷ್ಯರು ಜಾರಿದರೆ? ಸರಕು ಗಾಡಿಯಲ್ಲಿ ಹೀಗೆ ಜನರನ್ನು ಕೂರಿಸುವುದು ಕಾನೂನಿಗೂ ವಿರುದ್ಧ. ಸುಮ್ಮನೆ ಹತ್ತಿ ಕೂತವರ ಹೊಣೆಯನ್ನು ಸಾಮಾನ್ಯವಾಗಿ ಸರಕು ಗಾಡಿಯ ವಿಮೆಯೂ ಹೊರುವುದಿಲ್ಲ.

'ಒಂದೇ ಸಲ ತಾನೇ, ಹತ್ತಿರ ತಾನೇ' ಎಂಬ ಮಾತು ಬಂದಾಗ ಮನೆಯ ಹಿರಿಯರು ಬೇಡ ಎನ್ನಬೇಕು. ಹಿರಿಯರು ಮರೆತರೆ ಮಕ್ಕಳೇ, ನೀವು ನೆನಪಿಸಿ. ಗಾಡಿ ಕೊಳ್ಳುವ ದಿನವೇ ಮನೆಯಲ್ಲಿ ಈ ಮಾತು ಗಟ್ಟಿಯಾಗಲಿ: ಹಿಂದೆ ಮೂಟೆ ಮಾತ್ರ, ಜನ ಬಸ್ಸಿನಲ್ಲಿ.

ಈ ವಾರದ ಕೆಲಸ

ಮೊದಲನೆಯದು ಮಕ್ಕಳಿಗೆ. ನಿಮ್ಮ ಬೀದಿಯಲ್ಲಿ ಪಿಕಪ್ ಅಥವಾ ಲಗೇಜ್ ಆಟೊ ಇರುವ ಐದು ಮನೆಯವರನ್ನು ಕೇಳಿ, 'ಹೋದ ವರ್ಷ ಎಷ್ಟು ದಿನ ನಿಂತಿತ್ತು?' ಎಂಬುದನ್ನು ಬರೆದುಕೊಳ್ಳಿ. ಸರಾಸರಿ ತೆಗೆಯಿರಿ.

ಎರಡನೆಯದು ಅಜ್ಜ-ಅಜ್ಜಿಯರಿಗೆ. ಕೊಂಡು ಹಳಹಳಿಸಿದ ಒಂದು ವಸ್ತು, ಕೊಳ್ಳದೆ ಹಳಹಳಿಸಿದ ಒಂದು ವಸ್ತು, ಎರಡನ್ನೂ ಮೊಮ್ಮಕ್ಕಳಿಗೆ ಹೇಳಿ. ಕಾರ್ನೆಲ್ ವಿಶ್ವವಿದ್ಯಾಲಯದ ಗಿಲೋವಿಚ್ ಮತ್ತು ಮೆಡ್ವೆಕ್ ಎಂಬ ಇಬ್ಬರು 1995ರಲ್ಲಿ ಬರೆದಂತೆ, ಮಾಡಿ ಕೆಟ್ಟದ್ದು ಆಗಿನ ಹೊತ್ತಿಗೆ ಹೆಚ್ಚು ಚುಚ್ಚುತ್ತದೆ, ಮಾಡದೆ ಬಿಟ್ಟದ್ದು ವರ್ಷಗಳು ಕಳೆದ ಮೇಲೆ ಕಾಡುತ್ತದೆ. ನಿಮ್ಮ ಅನುಭವ ಇದಕ್ಕೆ ತಾಳೆಯಾಗುತ್ತದೆಯೇ?

ಮೂರನೆಯದು ಇಬ್ಬರೂ ಕೂಡಿ ಮಾಡುವುದು. ಮನೆಯಲ್ಲಿ ಮುಂದೆ ಕೊಳ್ಳಲಿರುವ ಯಾವುದಾದರೂ ಒಂದು ವಸ್ತುವಿಗೆ, ಪಂಪ್‌ಸೆಟ್ಟೋ ಹಸುವೋ ಸೈಕಲ್ಲೋ, ಹಳಹಳಿಯ ಪಟ್ಟಿ ಹಾಕಿ. ಕೆಟ್ಟರೆ ಸರಿಮಾಡುವವರು ಎಷ್ಟು ದೂರದಲ್ಲಿದ್ದಾರೆ ಎಂಬ ಸಾಲನ್ನು ಅದರಲ್ಲಿ ಮರೆಯಬೇಡಿ.