ಒಂದೇ ಸುಪ್ರದ ಮೇಲೆ ಎರಡು ಮದ್‌ಹಬ್: ಸಿಗಡಿಯ ಹೆಸರಿನಲ್ಲಿ ಮುರಿಯುವ ಮನಸ್ಸುಗಳು

ಜೂನ್ 1ರಿಂದ ಜುಲೈ 31ರ ವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನಗಳ ನಿಷೇಧ ಮುಗಿದು ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ಮತ್ತೆ ಸಿಗಡಿಯ ರಾಶಿ ಬೀಳತೊಡಗಿದಾಗ ಅದರ ಸಂಭ್ರಮ ಘಟ್ಟ ಹತ್ತಿ ಬೆಂಗಳೂರಿನವರೆಗೂ ಬರುತ್ತದೆ. ವಿದ್ಯಾರಣ್ಯಪುರ, ಜಾಲಹಳ್ಳಿ, ಯಲಹಂಕ ಭಾಗಗಳಲ್ಲಿ ನೆಲೆಸಿರುವ ಕರಾವಳಿ ಮೂಲದ ಮುಸ್ಲಿಮ್ ಮನೆಗಳಿಗೆ ಊರಿನಿಂದ ಬರುವ ಹಿರಿಯರು ಬಟ್ಟೆಬರೆಗಿಂತ ಮೊದಲು ಮಂಜುಗಡ್ಡೆ ತುಂಬಿದ ಪೆಟ್ಟಿಗೆಯನ್ನು ಕೆಳಗಿಳಿಸುತ್ತಾರೆ.

ಅಂತಹದೇ ಒಂದು ಪೆಟ್ಟಿಗೆಯ ನೆಪದಲ್ಲಿ ವಿದ್ಯಾರಣ್ಯಪುರದ ಮನೆಯೊಂದರ ತಾರಸಿಯಲ್ಲಿ ಸೇರಿದ ಕೂಟಕ್ಕೆ ನಮಗೂ ಆಹ್ವಾನವಿತ್ತು. ಮನೆಯ ಯಜಮಾನನು ದಕ್ಷಿಣ ಕನ್ನಡದ ಶಾಫಿಈ ಕುಟುಂಬದವನು. ಪತ್ನಿಯು ಬೆಂಗಳೂರಿನದೇ ಹನಫೀ ಕುಟುಂಬದವಳು. ಅಮೆರಿಕದಲ್ಲಿ ಕೆಲವು ವರ್ಷ ದುಡಿದು ಮರಳಿದ ಅವನ ಅಣ್ಣನಿಗೆ ಲೂಸಿಯಾನಾ ಪ್ರಾಂತದ ಪದ್ಧತಿಯೊಂದನ್ನು ಇಲ್ಲಿ ಮಾಡಿ ತೋರಿಸುವ ಆಸೆ. ಅಲ್ಲಿ ವಸಂತ ಕಾಲದಲ್ಲಿ ಗದ್ದೆ, ಜೌಗು ನೆಲಗಳಲ್ಲಿ ಹಿಡಿದ ಸಿಹಿನೀರಿನ ಕ್ರಾಫಿಶ್ ಎಂಬ ಪುಟ್ಟ ಕೊಂಡಿಗಾಲಿನ ಜೀವಿಯನ್ನು ದೊಡ್ಡ ಕಡಾಯಿಯಲ್ಲಿ ಮೆಕ್ಕೆಜೋಳ, ಆಲೂಗಡ್ಡೆ, ಬೆಳ್ಳುಳ್ಳಿ, ಖಾರದೊಂದಿಗೆ ಬೇಯಿಸಿ, ನೀರು ಬಸಿದು, ಉದ್ದನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಸುರಿಯುತ್ತಾರೆ. ಬಂಧುಮಿತ್ರರು ಸುತ್ತ ನಿಂತು ಕೈಯಿಂದಲೇ ಸುಲಿದು ತಿನ್ನುತ್ತಾರೆ. ಇಲ್ಲಿ ಕ್ರಾಫಿಶ್‌ನ ಬದಲು ಮಲ್ಪೆಯ ಸಿಗಡಿ, ಒಂದಿಷ್ಟು ಏಡಿ. ಪತ್ರಿಕೆಯ ಬದಲು ಬಾಳೆಲೆ. ಮೇಜಿನ ಬದಲು ನೆಲಕ್ಕೆ ಹಾಸಿದ ಸುಪ್ರ. ಬ್ಯಾಡಗಿ ಮೆಣಸಿನ ಘಮವು ಬೀದಿಯವರೆಗೂ ಹರಡಿತ್ತು. ಸಿಗಡಿ ತಿನ್ನದವರಿಗಾಗಿ ಕೋಳಿಯ ಪಾತ್ರೆಯೊಂದು ಬೇರೆಯೇ ಇತ್ತು. ನಮ್ಮ ದೃಷ್ಟಿಯಲ್ಲಿ ಅದು ಚೆನ್ನಾಗಿ ಯೋಚಿಸಿ ಏರ್ಪಡಿಸಿದ ಕೂಟ.

ಬಿಸ್ಮಿಲ್ಲಾ ಹೇಳಿ ಕೈ ಹಾಕುವ ಹೊತ್ತಿಗೆ ಸೊಸೆಯ ಕಡೆಯ ಬಂಧುವಾದ ಯುವಕನೊಬ್ಬನು ಮಕ್ಕಳ ಸಾಲಿನತ್ತ ತಿರುಗಿ, ಇದು ಸಮುದ್ರದ ಜಿರಳೆ, ಇದು ಹರಾಮ್, ಯಾರೂ ಮುಟ್ಟಬೇಡಿ ಎಂದನು. ಏಳು ವರ್ಷದ ಮೊಮ್ಮಗನು ಊರಿನಿಂದ ಬಂದಿದ್ದ ಅಜ್ಜಿಯ ಮುಖ ನೋಡಿ, ಹಾಗಾದರೆ ನೀವು ಹರಾಮ್ ತಿನ್ನುತ್ತೀರಾ ಎಂದು ಕೇಳಿದನು. ಆ ತಾಯಿ ಉತ್ತರಿಸಲಿಲ್ಲ. ಸುಲಿದಿದ್ದ ಸಿಗಡಿಯನ್ನು ಎಲೆಯ ಅಂಚಿಗಿಟ್ಟು ಕೈ ತೊಳೆಯಲು ಎದ್ದರು.

ನಾವು ಈ ಲೇಖನವನ್ನು ಸಿಗಡಿಯ ಪರವಾಗಿ ಬರೆಯುತ್ತಿಲ್ಲ. ಆ ಯುವಕನಂತೆ ಅರ್ಧ ನಿಮಿಷದ ವೀಡಿಯೊ ನೋಡಿ ಫತ್ವಾ ಹೊರಡಿಸುವ ಹೊಸ ಪಾಂಡಿತ್ಯದ ವಿರುದ್ಧ ಬರೆಯುತ್ತಿದ್ದೇವೆ.

ಆತನು ಪಾಲಿಸುವ ಹನಫೀ ಮದ್‌ಹಬ್ ಏನು ಹೇಳುತ್ತದೆ? ಜಲಚರಗಳಲ್ಲಿ ಮೀನು ಮಾತ್ರ ಹಲಾಲ್ ಎಂಬುದು ಅದರ ಮೂಲ ನಿಲುವು. ಆದ್ದರಿಂದ ಏಡಿ ಅಲ್ಲಿ ಅನುಮತಿಸಲ್ಪಟ್ಟಿಲ್ಲ. ಇದು ಗೌರವಾರ್ಹ ನಿಲುವು, ಇದರ ಹಿಂದೆ ಮಹಾನ್ ಇಮಾಮರ ವಿವೇಚನೆಯಿದೆ. ಆದರೆ ಸಿಗಡಿಯ ವಿಷಯ ಅಷ್ಟು ಸರಳವಲ್ಲ. ಸಿಗಡಿ ಮೀನೋ ಅಲ್ಲವೋ ಎಂಬ ಪ್ರಶ್ನೆಯಲ್ಲಿ ಹನಫೀ ವಿದ್ವಾಂಸರೇ ಒಮ್ಮತಕ್ಕೆ ಬಂದಿಲ್ಲ. ಬೆನ್ನುಮೂಳೆಯಿಲ್ಲ, ಹತ್ತು ಕಾಲುಗಳಿವೆ, ಆದ್ದರಿಂದ ಮೀನಲ್ಲ ಎಂದು ಜೀವಶಾಸ್ತ್ರದ ವರ್ಗೀಕರಣವನ್ನು ಆಧರಿಸುವವರು ಹೇಳುತ್ತಾರೆ. ಶರೀಅತ್‌ನ ಪದಗಳನ್ನು ಅರಬರ ಭಾಷಾಬಳಕೆಯಂತೆ ಅರ್ಥೈಸಬೇಕು, ಅರಬರು ಅದನ್ನು ಮೀನಿನ ಜಾತಿಯೆಂದೇ ಕರೆದರು ಎಂದು ಇತರರು ಹೇಳುತ್ತಾರೆ. ಪ್ರಾಣಿಗಳ ಕುರಿತು ಪ್ರಸಿದ್ಧ ಗ್ರಂಥ ಬರೆದ ದಮೀರೀಯವರು ಸಿಗಡಿಯನ್ನು ಅತಿ ಸಣ್ಣ ಮೀನೆಂದು ವಿವರಿಸಿರುವುದನ್ನು ಆಧರಿಸಿ ಮೌಲಾನಾ ಅಶ್ರಫ್ ಅಲೀ ಥಾನವೀಯವರು ಅದನ್ನು ಹಲಾಲ್ ಎಂದರು. ಇನ್ನೊಂದೆಡೆ 2018ರ ಜನವರಿಯಲ್ಲಿ ಹೈದರಾಬಾದಿನ ಜಾಮಿಆ ನಿಝಾಮಿಯಾದಿಂದ ಹೊರಟ ಫತ್ವಾ ಅದನ್ನು ಮೀನಲ್ಲವೆಂದು ಪರಿಗಣಿಸಿ ಮಕ್ರೂಹ್ ತಹ್ರೀಮ್ ಎಂದಿತು. ಪತ್ರಿಕೆಗಳಲ್ಲಿ ಅದು ಸುದ್ದಿಯೂ ಆಯಿತು. ಇಬ್ಬರೂ ಹನಫೀಗಳೇ. ಅಂದರೆ ತಾರಸಿಯ ಮೇಲೆ ಘೋಷಣೆ ಮಾಡಿದ ಯುವಕನಿಗೆ ತನ್ನ ಮದ್‌ಹಬ್‌ನೊಳಗೆ ನಡೆದಿರುವ ಚರ್ಚೆಯ ಅರಿವೇ ಇರಲಿಲ್ಲ. ಹನಫೀ ಉಲಮಾಗಳು ನೂರು ಸಲ ಅಳೆದು ಆಡಿದ ಮಾತನ್ನು ಆತನು ಒಂದೇ ಉಸಿರಿಗೆ ಮಕ್ಕಳ ಮುಂದೆ ಎಸೆದನು.

ಶಾಫಿಈ ಮದ್‌ಹಬ್‌ನಲ್ಲಿ ಸಿಗಡಿ ಹಲಾಲ್ ಎಂಬುದರಲ್ಲಿ ಗೊಂದಲವಿಲ್ಲ. ಅಲ್ ಮಾಇದಾ ಅಧ್ಯಾಯದ 96ನೇ ವಚನವು ಸಮುದ್ರದ ಬೇಟೆಯನ್ನೂ ಅದರ ಆಹಾರವನ್ನೂ ನೆಲೆಸಿದವರಿಗೂ ಪ್ರಯಾಣಿಕರಿಗೂ ಅನುಭೋಗವಾಗಿ ಧರ್ಮಸಮ್ಮತಗೊಳಿಸಿದೆ. ಫಾತಿರ್ ಅಧ್ಯಾಯದ 12ನೇ ವಚನದಲ್ಲಿ ಸಿಹಿನೀರು, ಉಪ್ಪುನೀರು ಎರಡರಿಂದಲೂ ತಾಜಾ ಮಾಂಸ ದೊರೆಯುವುದನ್ನು ಅಲ್ಲಾಹನು ತನ್ನ ಅನುಗ್ರಹವಾಗಿ ನೆನಪಿಸುತ್ತಾನೆ. ಸಮುದ್ರದ ನೀರು ಶುದ್ಧ, ಅದರಲ್ಲಿ ಸತ್ತದ್ದು ಹಲಾಲ್ ಎಂಬ ಆಶಯದ ಹದೀಸನ್ನು ಅಬೂಹುರೈರಾ(ರ) ವರದಿ ಮಾಡಿದ್ದಾರೆ. ಅಬೂಉಬೈದಾ(ರ) ಅವರ ನೇತೃತ್ವದ ಮುನ್ನೂರು ಮಂದಿಯ ಸೈನ್ಯವು ಹಸಿವಿನಿಂದ ಎಲೆಗಳನ್ನು ತಿನ್ನುವ ಸ್ಥಿತಿಗೆ ಬಂದಾಗ ದಡಕ್ಕೆ ಬಂದು ಬಿದ್ದ ಬೃಹತ್ ಜಲಚರದ ಮಾಂಸವನ್ನು ದಿನಗಟ್ಟಲೆ ತಿಂದ ಘಟನೆಯನ್ನು ಜಾಬಿರ್(ರ) ವಿವರಿಸಿದ್ದಾರೆ. ಪ್ರವಾದಿವರ್ಯರು(ಸ) ಅದನ್ನು ಒಪ್ಪಿದ್ದಷ್ಟೇ ಅಲ್ಲ, ಉಳಿದಿದ್ದುದರಲ್ಲಿ ತಾವೂ ಸೇವಿಸಿದರು. ಅದು ಮೀನೇ ಆಗಿತ್ತು, ಆದ್ದರಿಂದ ನಮ್ಮ ನಿಲುವಿಗೆ ವಿರುದ್ಧವಲ್ಲ ಎಂದು ಹನಫೀ ವಿದ್ವಾಂಸರು ಉತ್ತರಿಸುತ್ತಾರೆ. ಆಗಲಿ. ಒಂದೇ ಪುರಾವೆಯನ್ನು ಮುಂದಿಟ್ಟುಕೊಂಡು ಇಬ್ಬರು ಪ್ರಾಮಾಣಿಕರು ಎರಡು ತೀರ್ಮಾನಗಳಿಗೆ ತಲುಪಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಇಲ್ಲಿ ನಮ್ಮ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿಯನ್ನು ಹೇಳದಿರಲಾರೆವು. ಆ ವೃದ್ಧ ತಾಯಿಯು ಊಟಕ್ಕೆ ಕುಳಿತಾಗ ತಮ್ಮ ಎಲೆಗೆ ಬಿದ್ದಿದ್ದ ಏಡಿಯನ್ನು ಸದ್ದಿಲ್ಲದೆ ಪಕ್ಕದಲ್ಲಿದ್ದ ಮಗನ ಎಲೆಗೆ ಸರಿಸಿದ್ದರು. ಏಕೆಂದರೆ ಏಡಿಯ ವಿಷಯದಲ್ಲಿ ಶಾಫಿಈ ಮದ್‌ಹಬ್‌ನಲ್ಲಿಯೇ ಭಿನ್ನಾಭಿಪ್ರಾಯವಿದೆ. ಇಮಾಮ್ ನವವೀ(ರ) ತಮ್ಮ ‘ಮಿನ್‌ಹಾಜ್’ನಲ್ಲಿ ನೀರಿನಲ್ಲಿಯೂ ನೆಲದಲ್ಲಿಯೂ ಬದುಕುವ ಕಪ್ಪೆ, ಏಡಿ, ಹಾವುಗಳನ್ನು ನಿಷಿದ್ಧದ ಸಾಲಿಗೆ ಸೇರಿಸಿದರು, ಅವರದೇ ‘ಮಜ್ಮೂಉ’ನಲ್ಲಿ ಕಪ್ಪೆಯ ಹೊರತು ಸಮುದ್ರದ ಎಲ್ಲವೂ ಹಲಾಲ್ ಎಂಬ ಅಭಿಪ್ರಾಯವನ್ನು ಸರಿಯೆಂದರು. ಕರಾವಳಿಯ ಮದ್ರಸಾಗಳಲ್ಲಿ ಮೊದಲನೆಯದನ್ನು ಕಲಿತವರು ಏಡಿ ತಿನ್ನುವುದಿಲ್ಲ. ಎರಡನೆಯದನ್ನು ಅನುಸರಿಸುವವರು ತಿನ್ನುತ್ತಾರೆ. ಆ ತಾಯಿ ತಾನು ಕಲಿತಂತೆ ಬಿಟ್ಟರು. ಮಗನು ತಿನ್ನುವುದಕ್ಕೆ ಅಡ್ಡಿಪಡಿಸಲಿಲ್ಲ. ಮೊಮ್ಮಕ್ಕಳಿಗೆ ಉಪನ್ಯಾಸ ಮಾಡಲಿಲ್ಲ. ಒಂದು ಏಡಿಯನ್ನು ಸರಿಸಿದ ಆ ಕೈಯಲ್ಲಿ ಇದ್ದ ಫಿಕ್ಹ್‌ನ ಜ್ಞಾನ, ಎದ್ದು ನಿಂತು ಕೂಗಿದ ನಾಲಿಗೆಯಲ್ಲಿ ಇರಲಿಲ್ಲ.

ಪ್ರವಾದಿವರ್ಯರ(ಸ) ಪತ್ನಿ ಮೈಮೂನಾ(ರ) ಅವರ ಮನೆಯ ಸುಪ್ರದಲ್ಲಿ ಒಮ್ಮೆ ‘ದಬ್ಬ್’ ಎಂಬ, ಉಡವನ್ನು ಹೋಲುವ ಮರುಭೂಮಿಯ ಪ್ರಾಣಿಯ ಹುರಿದ ಮಾಂಸವನ್ನಿಡಲಾಗಿತ್ತು. ಅದೇನೆಂದು ತಿಳಿದಾಗ ಪ್ರವಾದಿವರ್ಯರು(ಸ) ಕೈ ಹಿಂತೆಗೆದುಕೊಂಡರು. ಇದು ನಿಷಿದ್ಧವೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದರು. ಅಲ್ಲ, ನನ್ನ ಜನರ ನಾಡಿನಲ್ಲಿ ಇದಿಲ್ಲ, ಹಾಗಾಗಿ ಮನಸ್ಸು ಒಪ್ಪುತ್ತಿಲ್ಲ ಎಂಬರ್ಥದ ಉತ್ತರ ದೊರೆಯಿತು. ಖಾಲಿದ್(ರ) ಅದನ್ನು ತಮ್ಮತ್ತ ಎಳೆದುಕೊಂಡು ಪ್ರವಾದಿವರ್ಯರು(ಸ) ನೋಡುತ್ತಿರುವಂತೆಯೇ ತಿಂದರು. ಆ ಪ್ರಾಣಿಯ ವಿಧಿಯ ಕುರಿತೂ ಮದ್‌ಹಬ್‌ಗಳಲ್ಲಿ ಭಿನ್ನತೆಯಿದೆ. ನಮಗೀಗ ಬೇಕಾಗಿರುವುದು ಆ ಸುಪ್ರದ ಸುತ್ತ ಕುಳಿತವರ ನಡವಳಿಕೆ. ಒಬ್ಬರು ತಿನ್ನಲಿಲ್ಲ, ಒಬ್ಬರು ತಿಂದರು, ಯಾರೂ ಎದ್ದು ಹೋಗಲಿಲ್ಲ. ಅಸಹ್ಯವೆನಿಸಿದ್ದನ್ನು ಜಿರಳೆಯೆಂದು ಯಾರೂ ಕರೆಯಲಿಲ್ಲ. ಪ್ರವಾದಿವರ್ಯರು(ಸ) ಯಾವ ಆಹಾರವನ್ನೂ ಹಳಿದವರಲ್ಲ. ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು ಎಂಬುದು ಬುಖಾರಿ, ಮುಸ್ಲಿಮ್‌ಗಳಲ್ಲಿರುವ ವರದಿ. ತಿನ್ನದಿರುವ ಸುನ್ನತ್ತನ್ನು ಕಲಿತವರು ಹಳಿಯದಿರುವ ಸುನ್ನತ್ತನ್ನು ಕಲಿಯುವುದು ಯಾವಾಗ?

ಸಿಗಡಿಯ ಮಾಂಸ ಹಲಾಲೋ ಅಲ್ಲವೋ ಎಂಬ ಬಗ್ಗೆ ಇಮಾಮರಲ್ಲಿ ಭಿನ್ನಮತವಿದೆ. ಇನ್ನೊಂದು ಮಾಂಸದ ಬಗ್ಗೆ ಭಿನ್ನಮತವೇ ಇಲ್ಲ. ಪರೋಕ್ಷವಾಗಿ ದೂಷಿಸುವುದನ್ನು ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿರುವ ಅಲ್ ಹುಜುರಾತ್ ಅಧ್ಯಾಯದ 12ನೇ ವಚನವನ್ನು ನಾವೆಲ್ಲರೂ ಬಲ್ಲೆವು. ಆ ರಾತ್ರಿಯ ಬಳಿಕ ಎರಡು ಕುಟುಂಬಗಳ ವಾಟ್ಸಾಪ್ ಗುಂಪುಗಳಲ್ಲಿ ವಾರಗಟ್ಟಲೆ ನಡೆದದ್ದು ಇದೇ ಮಾಂಸದ ಔತಣ. ಮಸೀದಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವರು, ಒಬ್ಬನು ಕೈಯನ್ನು ಹೊಕ್ಕುಳಿನ ಕೆಳಗೆ ಕಟ್ಟಿದರೂ ಇನ್ನೊಬ್ಬನು ಮೇಲೆ ಕಟ್ಟಿದರೂ ಒಂದೇ ಇಮಾಮರ ಹಿಂದೆ ನಮಾಝ್ ಮಾಡುವವರು, ಊಟದ ಎಲೆಯ ಮುಂದೆ ಮಾತ್ರ ಪರಕೀಯರಾಗುವುದೆಂತು?

ನ್ಯಾಯವಾಗಿ ನುಡಿಯುವುದಾದರೆ ಕರಾವಳಿಯ ನಮ್ಮವರೂ ಮುಗ್ಧರಲ್ಲ. ಘಟ್ಟದ ಮೇಲಿನವರಿಗೆ ಮೀನಿನ ರುಚಿಯೇ ತಿಳಿಯದು ಎಂಬ ಗೇಲಿ, ಜೀಂಗಾ ಎಂದೊಡನೆ ಮುಖ ಸಿಂಡರಿಸುವ ಅತಿಥಿಯನ್ನು ಅಣಕಿಸುವ ಚಟ ನಮ್ಮಲ್ಲಿ ಧಾರಾಳವಾಗಿದೆ. ಒಣ ಸಿಗಡಿಯ ಪುಡಿ ಬೆರೆಸಿದ ಚಟ್ನಿಯನ್ನು ಹೇಳದೆ ಬಡಿಸಿ, ತಿಂದ ಮೇಲೆ ಹೇಗಿತ್ತೆಂದು ನಗುವುದನ್ನೂ ಕಂಡಿದ್ದೇವೆ. ಇದು ತಮಾಷೆಯಲ್ಲ, ವಂಚನೆ. ತನ್ನ ಮದ್‌ಹಬ್‌ನಂತೆ ದೂರವಿರಬಯಸುವವನ ಹೊಟ್ಟೆಗೆ ಅದನ್ನು ಕಳ್ಳತನದಿಂದ ಇಳಿಸುವವನಿಗೆ ಆತಿಥ್ಯದ ಮಾತನಾಡುವ ಹಕ್ಕಿಲ್ಲ. ಪಾತ್ರೆಯಲ್ಲಿ ಏನಿದೆಯೆಂದು ಮೊದಲೇ ತಿಳಿಸಿರಿ. ಸೌಟು ಬೇರೆಯಿರಲಿ, ಕರಿಯುವ ಎಣ್ಣೆಯೂ ಬೇರೆಯಿರಲಿ. ತಿನ್ನದವನಿಗೆ ಕಾರಣ ಕೇಳಬೇಡಿರಿ.

ವಾಸ್ತವದಲ್ಲಿ ಆ ಯುವಕನ ಉತ್ಸಾಹಕ್ಕೆ ಯೋಗ್ಯವಾದ ಪ್ರಶ್ನೆಗಳು ಬೇರೆ ಇದ್ದವು. ಅಮೆರಿಕದ ಆ ಕಡಾಯಿಯಲ್ಲಿ ಹಂದಿಮಾಂಸದ ಸಾಸೇಜ್ ಬೀಳುವುದು ಸಾಮಾನ್ಯ. ಮೇಜಿನ ಮೇಲೆ ಬಿಯರ್ ಇರುವುದೂ ಸಾಮಾನ್ಯ. ಈಗ ನಮ್ಮ ನಗರದ ಭೋಜನಾಲಯಗಳಲ್ಲಿಯೂ ಕಡಲ ಖಾದ್ಯವನ್ನು ಅದೇ ಮಾದರಿಯಲ್ಲಿ ಬಡಿಸುವ ಶೋಕಿ ಬಂದಿದೆ. ಅಲ್ಲಿ ಕುಳಿತಾಗ ಕಡಾಯಿಗೆ ಇನ್ನೇನು ಹಾಕಿದ್ದೀರಿ, ಸಾಸ್‌ನಲ್ಲಿ ವೈನ್ ಇದೆಯೇ ಎಂದು ಮಾಣಿಯನ್ನು ವಿಚಾರಿಸುವ ಧೈರ್ಯವನ್ನು ನಮ್ಮ ಯುವಕರು ಬೆಳೆಸಿಕೊಳ್ಳಲಿ. ಹೊರಗೆ ನಾಚಿಕೆಯಿಂದ ಬಾಯಿ ಮುಚ್ಚುವವರಿಗೆ ಮನೆಯ ಅಜ್ಜಿಯ ಮುಂದೆ ಮಾತ್ರ ಬಾಯಿ ಬರುವುದು ವಿಚಿತ್ರ.

ಇಮಾಮ್ ಅಬೂಹನೀಫಾ(ರ) ಹಿಜ್‌ರಿ 150ರಲ್ಲಿ ನಿಧನರಾದರು. ಇಮಾಮ್ ಶಾಫಿಈ(ರ) ಹುಟ್ಟಿದ್ದು ಅದೇ ವರ್ಷ. ಮುಂದೆ ಶಾಫಿಈ(ರ) ಅವರು ಅಬೂಹನೀಫಾರ ಶಿಷ್ಯ ಮುಹಮ್ಮದ್ ಬಿನ್ ಹಸನ್(ರ) ಅವರ ಬಳಿ ಕುಳಿತು ಕಲಿತರು, ಅವರೊಂದಿಗೆ ಬಿರುಸಾಗಿ ವಾದಿಸಿದರು, ಜೀವನಪರ್ಯಂತ ಅವರನ್ನು ಹೊಗಳಿದರು. ಯೂನುಸ್ ಸದಫೀ ಎಂಬವರು ಒಂದು ವಿಷಯದಲ್ಲಿ ಶಾಫಿಈಯವರೊಡನೆ ವಾದಿಸಿ ಅಗಲಿದ ಬಳಿಕ, ಮತ್ತೆ ಭೇಟಿಯಾದಾಗ ಇಮಾಮರೇ ಅವರ ಕೈ ಹಿಡಿದುಕೊಂಡು, ಒಂದು ವಿಷಯದಲ್ಲಿ ಸಹಮತವಿಲ್ಲದಿದ್ದರೂ ನಾವು ಸಹೋದರರಾಗಿ ಇರಬಾರದೇ ಎಂದು ಕೇಳಿದರಂತೆ. ಇವರ ಹೆಸರುಗಳನ್ನು ಧ್ವಜದಂತೆ ಹಿಡಿದು ಬೀಗರ ಮನೆಯ ಮೇಲೆ ದಂಡೆತ್ತಿ ಹೋಗುವವರು ಆ ಕೈಹಿಡಿತದ ಕಥೆಯನ್ನು ಎಲ್ಲಿ ಬಿಟ್ಟುಬಂದರು?

ತಂದೆತಾಯಿಗಳ, ಸಹೋದರ ಸಹೋದರಿಯರ, ಚಿಕ್ಕಪ್ಪ ಸೋದರಮಾವಂದಿರ, ಮಿತ್ರರ ಮನೆಗಳಲ್ಲಿ ಉಣ್ಣುವುದರಲ್ಲಿ ದೋಷವಿಲ್ಲವೆಂದು ಒಂದೊಂದಾಗಿ ಹೆಸರಿಸುವ ಅನ್ನೂರ್ ಅಧ್ಯಾಯದ 61ನೇ ವಚನವು, ಒಟ್ಟಾಗಿ ತಿಂದರೂ ಬೇರೆಬೇರೆಯಾಗಿ ತಿಂದರೂ ದೋಷವಿಲ್ಲವೆನ್ನುತ್ತದೆ. ಅದರ ಜೊತೆಗೆ, ಮನೆಗಳನ್ನು ಪ್ರವೇಶಿಸುವಾಗ ಸಲಾಮ್ ಹೇಳಿರೆಂದೂ ಆದೇಶಿಸುತ್ತದೆ. ಬೇರೆ ತಟ್ಟೆಗೆ ಅವಕಾಶವಿದೆ. ಸಲಾಮ್ ಇಲ್ಲದ ಮನೆಗೆ ಇಲ್ಲ.

ಇದನ್ನು ಬರೆಯುವ ಹೊತ್ತಿಗೆ ಆ ಕೂಟ ನಡೆದು ಒಂದು ವರ್ಷ ದಾಟಿದೆ. ಈ ಬಾರಿಯೂ ಮಳೆಗಾಲದ ನಿಷೇಧ ಮುಗಿಯಿತು, ದೋಣಿಗಳು ಕಡಲಿಗಿಳಿದವು. ಆ ತಾಯಿ ಮಾತ್ರ ವಿದ್ಯಾರಣ್ಯಪುರಕ್ಕೆ ಬರಲಿಲ್ಲ. ಮೊಣಕಾಲು ನೋವು, ಬಸ್ಸಿನ ಪ್ರಯಾಣ ಆಗುವುದಿಲ್ಲ ಎಂದರಂತೆ. ಸೊಸೆಯು ತಾನು ಸಿಗಡಿ ತಿನ್ನದಿದ್ದರೂ ಅತ್ತೆಯು ಬಂದರೆ ಬೇಯಿಸಲೆಂದು ಕೊಂಡಿದ್ದ ದೊಡ್ಡ ಪಾತ್ರೆಯನ್ನು ತೊಳೆದು ಅಟ್ಟದ ಮೇಲಿಟ್ಟಿದ್ದಾಳೆ. ತಾರಸಿಯಲ್ಲಿ ಮಾತನಾಡಿದ ಆ ಯುವಕನಿಗೆ ಈ ಲೇಖನವನ್ನು ನಾವೇ ಕಳುಹಿಸಲಿದ್ದೇವೆ. ಊರಿನ ಆ ಮನೆಯ ದೂರವಾಣಿ ಸಂಖ್ಯೆ ಆತನ ಬಳಿ ಇದೆ.